ಒರೆಸದೆ ಬಿಟ್ಟ ಜಾಗ

ನಾನು ಸುಳ್ಳು ಬರೆದೆ. ಇಂಗ್ಲಿಷಿನಲ್ಲಿ, ಒಂದೇ ಸಾಲು — ‘ತೆಗೆದುಹಾಕಿದ ಸಾಲುಗಳನ್ನೆಲ್ಲ ಸರ್‌ಗೆ ಗಟ್ಟಿಯಾಗಿ ಓದಿ ಹೇಳಿದ್ದೇನೆ’ ಎಂದು. ಓದಿ ಹೇಳಿರಲಿಲ್ಲ. ಆ ಒಂದು ಸಾಲಿನಿಂದಾಗಿ ಹುಕ್ಕೇರಿ ತಾಲ್ಲೂಕಿನ ಒಂದು ಹೊಲದಲ್ಲಿ, ಹಾಡಹಗಲು, ಎಂಟು ತಿಂಗಳ ಹಿಂದೆ ಮುಚ್ಚಿದ್ದ ಸಮಾಧಿಯನ್ನು ತೆರೆದರು. ತೆರೆಯುವಾಗ ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು — ಹೇಳಲಿಲ್ಲ.

ಮೂರು ವರ್ಷವಾಯಿತು. ಈಗ ಹೇಳುತ್ತೇನೆ.

ನನ್ನ ಹೆಸರು ಮಾಳವ್ವ. ಮೂಡಲಗಿ ಕಡೆಯ ಕುರುಬರ ಮನೆ. ನಮ್ಮ ವಂಶದಲ್ಲಿ ಕುರಿ ಎಣಿಸಲು ಬರುತ್ತಿತ್ತು, ಕಂಬಳಿ ನೇಯಲು ಬರುತ್ತಿತ್ತು. ಸಹಿ ಮಾಡಲು ಬಂದವಳು ನಾನೇ ಮೊದಲು. ಡಿಗ್ರಿ ಸರ್ಟಿಫಿಕೇಟಿಗೆ ಅಪ್ಪ ಗಾಜು ಹಾಕಿಸಿ ಮಗ್ಗದ ಎದುರಿನ ಗೋಡೆಗೆ ಹೊಡೆದಿದ್ದಾನೆ. ಕಂಬಳಿ ಕೊಳ್ಳಲು ಬಂದವರಿಗೆಲ್ಲ ಮೊದಲು ಅದನ್ನು ತೋರಿಸಿ ಆಮೇಲೆ ಕಂಬಳಿ ತೋರಿಸುತ್ತಾನೆ. ಇದನ್ನು ಹೇಳುವುದು ಯಾಕೆಂದರೆ — ನನ್ನ ತಪ್ಪು ಬಡತನದಿಂದ ಆದದ್ದಲ್ಲ, ಓದಿಲ್ಲದ್ದರಿಂದ ಆದದ್ದೂ ಅಲ್ಲ. ಓದಿದ ಸೊಕ್ಕಿನಿಂದ ಆಯಿತು.

ನನಗೆ ಕಂಪ್ಯೂಟರ್ ಕಲಿಸಿದವರು ಶಿವಲಿಂಗಪ್ಪ ಸರ್. ಗೋಕಾಕದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಊರು ಹುಕ್ಕೇರಿ. ಕಾಳುಕಡಿ ವ್ಯಾಪಾರದ ಮನೆತನ, ಬಸವಣ್ಣನ ದಾರಿಯ ಜನ. ಕ್ರಿಪ್ಟೋ ನಾಣ್ಯಗಳನ್ನು ಇಟ್ಟುಕೊಳ್ಳುವ, ಕಳಿಸುವ ಒಂದು ಸಾಫ್ಟ್‌ವೇರ್ ಇದೆ, ಪಾಕೀಟು ಅನ್ನೋಣ. ಬೇರೆ ಬೇರೆ ದೇಶಗಳ ಜನ ಕೂಡಿ ಬರೆಯುವ, ಯಾರು ಬೇಕಾದರೂ ತೆರೆದು ನೋಡಬಹುದಾದ ಕೋಡ್ ಅದು. ಅದರ ಒಂದು ಭಾಗ ಸರ್ ಕೈಯಲ್ಲಿತ್ತು. ನನ್ನನ್ನೂ ಅದಕ್ಕೆ ಹಚ್ಚಿದರು. ಘಟಪ್ರಭಾ ಸ್ಟೇಷನ್ ಎದುರು, ಒಂದು ಔಷಧಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಕೂತು ನಾನು ಆ ಕೆಲಸ ಮಾಡುತ್ತೇನೆ. ಪಗಾರ ಬರುತ್ತದೆ.

ನಮ್ಮ ಪಾಲಿನ ಕೆಲಸವನ್ನು ಸೀರಿಯಲೈಸೇಷನ್ ಅನ್ನುತ್ತಾರೆ. ಅಪ್ಪನಿಗೆ ಹೀಗೆ ತಿಳಿಸಿದ್ದೆ: ಕುರಿ ಕಾಯಲು ಹೋಗುವಾಗ ಮನೆಯನ್ನೆಲ್ಲ ಕುದುರೆಯ ಮೇಲೆ ಹೇರುತ್ತೇವಲ್ಲ — ಮೊದಲು ಯಾವುದು, ಆಮೇಲೆ ಯಾವುದು ಎಂದು ಲೆಕ್ಕ ಇರುತ್ತದೆ, ಮುಂದಿನ ಹಟ್ಟಿಯಲ್ಲಿ ಅದೇ ಲೆಕ್ಕದಲ್ಲಿ ಇಳಿಸುತ್ತೇವೆ. ಪ್ರೋಗ್ರಾಂ ತನ್ನ ತಲೆಯೊಳಗಿನದನ್ನು ಫೈಲಿಗೆ ಹೇರುವುದು, ಮತ್ತೆ ಇಳಿಸುವುದು. ಇಷ್ಟೇ. ಅಪ್ಪ ಕೇಳಿ, “ಹೇರು ತಪ್ಪಿದ್ರ?” ಅಂದ. “ಯಾರದೋ ಗಂಟು ಯಾರದೋ ಮನಿಯಾಗ ಬಿಚ್ಚತೈತಿ” ಅಂದಿದ್ದೆ. ನಗುತ್ತ ಅಂದಿದ್ದೆ.

ಸರ್ ಒಂದು ಪದ್ಧತಿ ಇಟ್ಟಿದ್ದರು. ಕೋಡ್ ಬದಲಿಸಿದರೆ ಇನ್ನೊಬ್ಬರ ಎದುರು ಕೂತು ಗಟ್ಟಿಯಾಗಿ ಓದಬೇಕು. “ಹೊಸಾ ಸಾಲ ಒಮ್ಮೆ ಓದು. ತಗದ ಸಾಲ ಎರಡ ಸಲ ಓದು. ತಗದಿದ್ದು ಕಣ್ಣಿಗೆ ಕಾಣೂದಿಲ್ಲ ನೋಡು, ಕಿವಿಗರ ಬೀಳಲಿ.” ಈ ಪದ್ಧತಿ ದೂರದ ದೇಶದವರಿಗೂ ಹಿಡಿಸಿ, ಪ್ರತಿ ಬದಲಾವಣೆಯ ಜೊತೆ ‘ಯಾರಿಗೆ ಓದಿ ಹೇಳಿದಿರಿ?’ ಎಂಬ ಪ್ರಶ್ನೆಯೇ ಸೇರಿಕೊಂಡಿತ್ತು. ನಾವು ಓದುವಾಗ ಸರ್ ಹೆಂಡತಿ ಗಂಗಕ್ಕ ಚಾ ತಂದಿಟ್ಟು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು.

“ಏನ್ ಮಾಳವ್ವ, ಇಬ್ಬರೂ ಕೂಡಿ ಮಶೀನಿಗೆ ಪುರಾಣ ಹೇಳಾಕತ್ತೀರಿ? ಈ ಮನಶಾ ನನಗ ಒಂದ ದಿನಾ ಪೇಪರ್ ಓದಿ ಹೇಳಿಲ್ಲ.”

“ನಿನಗ ಓದಿದ್ರ ನೀ ತಪ್ಪ ಹಿಡೀತಿ. ಅದಕ್ಕ ಹೆದರಿಕಿ” ಅನ್ನುತ್ತಿದ್ದರು ಸರ್.

ಅವರಿಗೆ ಇನ್ನೊಂದು ರೂಢಿಯಿತ್ತು. ಪಾಕೀಟಿನಲ್ಲಿ ನಾಣ್ಯ ಕಳಿಸುವಾಗ ಜೊತೆಗೊಂದು ಚೀಟಿ ಬರೆದಿಡಬಹುದು; ಅದು ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಪರೀಕ್ಷೆಗೆಂದು ಬೆಲೆಯಿಲ್ಲದ ನಾಣ್ಯಗಳೂ ಇರುತ್ತವೆ. ಸರ್ ದಿನಾ ಅಂಥದೊಂದನ್ನು ತಮಗೆ ತಾವೇ ಕಳಿಸಿಕೊಂಡು ಚೀಟಿಯಲ್ಲಿ ದಿನಚರಿ ಬರೆಯುತ್ತಿದ್ದರು. ಮೊದಲು ವಾರ, ಆಮೇಲೆ ಆಕಾಶ, ಆಮೇಲೆ ಮಾಡಿದ ಕೆಲಸ. ‘ಸೋಮವಾರ. ಮೋಡ ಕವದೈತಿ. ಹೊಲಕ್ಕ ಹೋಗಿ ಬಂದೆ.’ ಹೀಗೆ.

ಆ ವರ್ಷ ಮಳೆಗಾಲದ ಆರಂಭದಲ್ಲಿ ಗಂಗಕ್ಕನನ್ನು ಘಟಪ್ರಭಾದ ಒಂದು ಆಸ್ಪತ್ರೆಗೆ ಸೇರಿಸಿದರು. ಅದೇ ವಾರ ನಾನು ಚೀಟಿ ಉಳಿಸುವ ಕೋಡನ್ನು ಚುರುಕು ಮಾಡಲು ಕೂತಿದ್ದೆ.

ಹಳೆಯ ಕೋಡ್ ಪ್ರತಿ ಚೀಟಿಗೂ ಜಾಗವನ್ನು ಪೂರ್ತಿ ಒರೆಸಿ, ಆಮೇಲೆ ಬರೆಯುತ್ತಿತ್ತು. ಸರ್ ಬರೆದ ಸಾಲು ಅದು. ನನಗೆ ದಂಡವೆನಿಸಿತು. ನಮ್ಮ ಅವ್ವ ಮೊಸರಿನ ಗಡಿಗೆಯನ್ನು ಎಂದೂ ತೊಳೆದವಳಲ್ಲ — ತಳದಲ್ಲಿ ಉಳಿದದ್ದೇ ನಾಳಿನ ಹೆಪ್ಪು. ಉಳಿದದ್ದನ್ನು ಕೆಡಿಸದೆ ಅದರ ಮೇಲೇ ನಡೆಸುವುದು ನಮ್ಮ ಮನೆತನದ ಶಾಣ್ಯಾತನ. ನಾನೂ ಹಾಗೇ ಮಾಡಿದೆ. ಪಾಕೀಟು ತೆರೆದಾಗ ಎಲ್ಲಕ್ಕಿಂತ ಉದ್ದದ ಚೀಟಿಯನ್ನು ಹುಡುಕಿ, ಅಳತೆಗೆಂದು ಅದನ್ನು ಒಂದು ಜಾಗದಲ್ಲಿ ಇಳಿಸಿ, ಮುಂದೆ ಬರೆಯುವುದನ್ನೆಲ್ಲ ಆ ಒಂದೇ ಜಾಗದಲ್ಲಿ ಬರೆಸಿದೆ. ಒರೆಸುವ ಸಾಲನ್ನು ತೆಗೆದುಹಾಕಿದೆ. ಚೀಟಿಯ ಉದ್ದದ ಬದಲು ಜಾಗದ ಉದ್ದವನ್ನೇ ಫೈಲಿಗೆ ಇಳಿಸಿದೆ — ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಪರೀಕ್ಷೆಗೆ ಹಾಕಿದ ಚೀಟಿಗಳೆಲ್ಲ ಒಂದೇ ಉದ್ದದವು. ಎಲ್ಲ ಪಾಸಾದವು.

ಓದಿ ಹೇಳಲು ಆಸ್ಪತ್ರೆಗೆ ಹೋದೆ, ಅದು ಖರೆ. ಲ್ಯಾಪ್‌ಟಾಪ್ ಎದೆಗವಚಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತೆ. ಸರ್ ಗಂಗಕ್ಕನ ಕಾಲು ತಿಕ್ಕುತ್ತ ಕೂತಿದ್ದರು. ಒಳಗೆ ಹೋಗದೆ ತಿರುಗಿ ಬಂದೆ. ಇಲ್ಲಿಯವರೆಗೆ ತಪ್ಪಿಲ್ಲ. ಆದರೆ ಕೋಣೆಗೆ ಬಂದು — ಎರಡು ವಾರ ತಡೆಯಬಹುದಿತ್ತು. ಯಾರೂ ಅವಸರ ಮಾಡಿರಲಿಲ್ಲ. ಕುರುಬರ ಹುಡುಗಿಯೊಬ್ಬಳು ಇಷ್ಟು ಚುರುಕು ಮಾಡಿದಳು ಅಂತ ಆ ವಾರವೇ ಅನ್ನಿಸಿಕೊಳ್ಳಬೇಕಿತ್ತು ನನಗೆ. ‘ಯಾರಿಗೆ ಓದಿ ಹೇಳಿದಿರಿ?’ ಅಂತಿದ್ದಲ್ಲಿ ಸರ್ ಹೆಸರು ಬರೆದೆ.

ದೂರದ ದೇಶದವರು ಹೊಗಳಿದರು. ಆ ಭಾಗದ ಪೂರ್ತಿ ಜವಾಬ್ದಾರಿ ನನಗೆ ಕೊಟ್ಟರು. ಎಂಟನೆಯ ದಿನ ಗಂಗಕ್ಕ ತೀರಿಕೊಂಡಳು. ಹತ್ತರಗಿ ದಾರಿಯಲ್ಲಿರುವ ಅವರ ಹೊಲದಲ್ಲಿ, ಬಾವಿಯ ಪಕ್ಕ, ಹುಣಸೆಮರದ ನೆರಳಿಗೆ ಸಮಾಧಿ ಮಾಡಿದರು.

ದೀಪಾವಳಿ ಮುಗಿದ ಮೇಲೆ, ಒಂದು ಬೆಳಿಗ್ಗೆ, ಸರ್ ನನ್ನ ಕೋಣೆಗೆ ಬಂದರು. ಗಡ್ಡ ಬಂದಿತ್ತು. ಕೂರಲಿಲ್ಲ. ಲ್ಯಾಪ್‌ಟಾಪ್ ತೆರೆದು ನನ್ನ ಮೇಜಿನ ಮೇಲಿಟ್ಟರು. ನಾಲ್ಕೈದು ತಿಂಗಳು ಬಿಟ್ಟಿದ್ದ ದಿನಚರಿಯನ್ನು ಮತ್ತೆ ಬರೆಯತೊಡಗಿದ್ದರಂತೆ.

‘ಗುರುವಾರ. ಆಕಾಶ ಸ್ವಚ್ಛ ಐತಿ. ಜ್ವಾಳದ ಹೊಲಕ್ಕ ನೀರ ಹಾಯಿಸಿದೆ.’ ಅದರ ಕೊನೆಗೊಂದು ಕಪ್ಪು ಚೌಕ. ಚೌಕದ ಆಚೆ — ‘ಥಂಡಿ ಹತ್ತತೈತಿ. ಒಂದ ಕಂಬಳಿ ಸಾಲೂದಿಲ್ಲ. ಬಿಸಲ ಬೀಳೂ ಕಡೆ ನನ್ನ ಹಾಕಸ್ರಿ. ನೀವೂ ಉಂಡಿಲ್ಲ, ನನಗ ಗೊತ್ತೈತಿ.’

“ಚೌಕದ ಮುಂದಿನ ಮಾತ ನಂದಲ್ಲ, ಮಾಳವ್ವ.”

“ಮತ್ತ ಯಾರದ್ರಿ ಸರ್?”

ಇನ್ನೊಂದು ಚೀಟಿ ತೋರಿಸಿದರು, ಮತ್ತೊಂದು. ಅವರು ಉದ್ದ ಬರೆದ ದಿನ ಆಚೆಯ ಮಾತು ಗಿಡ್ಡ. ಅವರು ಗಿಡ್ಡ ಬರೆದ ದಿನ ಆಚೆಯ ಮಾತು ಉದ್ದ. ತುಂಬಾ ಉದ್ದ ಬರೆದ ಒಂದು ದಿನ, ಕೊನೆಯಲ್ಲಿ ಎರಡೇ ಶಬ್ದ: ‘ನನಗ ಗೊತ್ತೈತಿ.’

“ನಾ ಬಾಯಿ ಮುಚ್ಚಿದಷ್ಟೂ ಆಕಿ ಮಾತಾಡತಾಳ” ಅಂದರು. ಆಮೇಲೆ ತಾವೇ ತಲೆ ಕೊಡವಿದರು. “ಲಿಂಗೈಕ್ಯ ಆದವರು ಹೊಳ್ಳಿ ಬರಂಗಿಲ್ಲ ಅಂತ ಊರಿಗೆಲ್ಲಾ ಹೇಳಿದಾವ ನಾನು. ಅದಕ್ಕ ನಿನ್ನ ಕಡೆ ಬಂದೇನಿ. ಕೋಡ್ ಈಗ ನಿನ್ನ ಕೈಯಾಗೈತಿ. ಹಿಂಗಾಗಾಕ ಸಾಧ್ಯ ಐತೇನು?”

“ಇಲ್ರಿ ಸರ್” ಅಂದೆ. ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು; ಇಲ್ಲ ಅಂದೆ.

“ಮಳಿಗಾಲದಾಗ ನೀ ಮಾಡಿದ ಬದಲಿ... ದವಾಖಾನ್ಯಾಗ ನನಗ ಓದಿ ಹೇಳೀ ಅಂತ ಬರದೀಯಲ್ಲ. ನನಗ ನೆಪ್ಪಿಲ್ಲ. ಆವಾಗ ನನ್ನ ತಲಿ ನನ್ನ ಕಡೆ ಇರಲಿಲ್ಲ. ಹೇಳಿದ್ದಿ, ಹೌದಲ್ಲ?”

ಹೊರಗೆ ಸ್ಟೇಷನ್ನಿಗೆ ಗಾಡಿ ಬಂದು ನಿಂತಿತು. ಅದರ ಸದ್ದು ಅಡಗುವವರೆಗೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಹೂಂ ರಿ ಸರ್. ಹೇಳೇನಿ.”

“ಹಂಗಾರ ಕೋಡ್‌ನ್ಯಾಗ ಏನೂ ಇಲ್ಲ” ಅಂದರು. “ತಪ್ಪ ಇದ್ದಿದ್ರ ನನ್ನ ಕಿವಿಗೆ ಬೀಳತಿತ್ತು.”

ಆ ಮನುಷ್ಯ ದೆವ್ವ ನಂಬಿದವರಲ್ಲ. ತಮ್ಮ ಕಿವಿಯನ್ನು ನಂಬಿದರು, ನನ್ನನ್ನು ನಂಬಿದರು. ಆ ಎರಡೂ ನಂಬಿಕೆ ಕೂಡಿ, ಉಳಿದ ಒಂದೇ ದಾರಿಗೆ ಅವರನ್ನು ನಾನೇ ದೂಡಿದೆ.

ಅವರು ಬಿಟ್ಟುಹೋದ ಫೈಲಿನ ಪ್ರತಿಯನ್ನು ಮರುದಿನ ಮಧ್ಯಾಹ್ನ ಬಿಡಿಸಿ ನೋಡಿದೆ. ಕಾಣುವ ಚೀಟಿಗಳಷ್ಟೇ ಅಲ್ಲ, ಬರೆದು ಕಳಿಸದೆ ಬಿಟ್ಟವೂ ಫೈಲಿನಲ್ಲಿ ಉಳಿದಿರುತ್ತವೆ. ಪರದೆಯ ಮೇಲೆ ಕಾಣುವುದಿಲ್ಲ, ಅಷ್ಟೇ. ಅಲ್ಲಿತ್ತು — ಎಲ್ಲಕ್ಕಿಂತ ಉದ್ದದ್ದು. ಆಸ್ಪತ್ರೆಯಲ್ಲಿ ಸರ್ ಎದ್ದು ಎಲ್ಲೋ ಹೋದಾಗ ಗಂಗಕ್ಕ ಅವರ ಲ್ಯಾಪ್‌ಟಾಪ್ ಎಳೆದುಕೊಂಡು ಬರೆದದ್ದು.

‘ನರ್ಸಬಾಯಿಗೆ ಹೇಳ್ರಿ, ಈ ಖಿಡಕಿ ಕಾಟ್ ಬ್ಯಾಡ. ಇಲ್ಲಿ ನನಗ ಥಂಡಿ ಹತ್ತತೈತಿ. ಒಂದ ಕಂಬಳಿ ಸಾಲೂದಿಲ್ಲ. ಬಿಸಲ ಬೀಳೂ ಕಡೆ ನನ್ನ ಹಾಕಸ್ರಿ. ನೀವೂ ಉಂಡಿಲ್ಲ, ನನಗ ಗೊತ್ತೈತಿ.’

ನಾನು ಒರೆಸದೆ ಬಿಟ್ಟ ಜಾಗದಲ್ಲಿ ಪ್ರತಿದಿನ ಮೊದಲು ಈ ಚೀಟಿ ಇಳಿಯುತ್ತಿತ್ತು. ಅದರ ಮೇಲೆ ಸರ್ ಬರೆಯುತ್ತಿದ್ದರು; ಅವರ ಮಾತು ಮುಗಿದಲ್ಲಿ ಕೋಡ್ ಹಾಕುವ ಗುರುತೇ ಆ ಕಪ್ಪು ಚೌಕ. ಅವರ ವಾರ, ಅವರ ಆಕಾಶ ಕೂಡಿ ಮೊದಲ ವಾಕ್ಯವನ್ನು ಮುಚ್ಚುತ್ತಿದ್ದವು. ನರ್ಸಬಾಯಿ, ಖಿಡಕಿ, ಕಾಟ್ — ಈ ಮೂರು ಶಬ್ದ ಒಮ್ಮೆ ಕಂಡಿದ್ದರೂ ಸಾಕು, ಆಸ್ಪತ್ರೆಯ ಕಿಟಕಿ ಪಕ್ಕದ ಮಂಚದ ಮಾತೆಂದು ಸರ್‌ಗೆ ತಿಳಿಯುತ್ತಿತ್ತು. ಅವೇ ಎಂದೂ ಕಾಣಲಿಲ್ಲ.

ಹೀಗೆ, ಸತ್ತವಳ ಕೊನೆಯ ಚೀಟಿಯನ್ನು ಪೂರ್ತಿ ಓದಿದ ಜೀವ ನಾನೊಬ್ಬಳೇ ಆದೆ. ಕಾರಣ ಗೊತ್ತಾದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ. ಬಿಸಿಲು ತುಂಬಿದ ಕೋಣೆ, ಕೆಳಗೆ ಔಷಧಿ ಕೊಳ್ಳುವವರ ಮಾತು — ಅದರ ನಡುವೆ ಪರದೆಯ ಮೇಲಿನ ಆ ಕೊನೆಯ ಎರಡು ಶಬ್ದ ನನಗೇ ಹೇಳಿದಂತಿದ್ದವು. ಮುಚ್ಚಿಟ್ಟೆ.

ಹೇಳಬೇಕು, ಹೇಳಬೇಕು ಅಂತ ದಿನ ಹೋದವು. ಹೇಳಿದರೆ — ಓದಿ ಹೇಳದ ಸುಳ್ಳೂ ಹೊರಗೆ ಬರುತ್ತದೆ, ಕೆಲಸ ಹೋಗುತ್ತದೆ, ಅಪ್ಪ ಗೋಡೆಯ ಗಾಜಿನ ಕಡೆ ನೋಡುತ್ತಾನೆ... ಇಷ್ಟೇ ಯೋಚಿಸಿದೆ. ಸರ್ ಬಗ್ಗೆ ಯೋಚಿಸಲಿಲ್ಲ.

ಥಂಡಿ ಹೆಚ್ಚಾದಾಗ ಸರ್ ಮೂಡಲಗಿಗೆ, ನಮ್ಮ ಮನೆಗೇ ಬಂದರು. ನಾನು ಅಂದು ಮನೆಯಲ್ಲಿದ್ದೆ.

“ಬರ್ರಿ ಸರ್, ಕುಂದರ್ರಿ” ಅಂತ ಅಪ್ಪ ಮಗ್ಗದಿಂದ ಎದ್ದ. “ಕಂಬಳಿ ಯಾರಿಗ್ರಿ? ನಿಮ್ಮ ಮನಿಯಾಗ ರಗ್ಗ ಅದಾವಲ್ಲ, ಕುರುಬರ ಕಂಬಳಿ ಚುಚ್ಚತೈತಿ ಮತ್ತ!”

“ಗಂಗಾಗ” ಅಂದರು ಸರ್.

ಅಪ್ಪನ ನಗೆ ಅಲ್ಲೇ ನಿಂತಿತು. ಒಳಗೆ ಹೋಗಿ ಎಲ್ಲಕ್ಕಿಂತ ದಪ್ಪನೆಯದನ್ನು ತಂದು ಕೊಟ್ಟ. “ಕರೀದು ಒಯ್ರಿ. ಬೆಚ್ಚಗಿರತೈತಿ.” ಸರ್ ಹೋದ ಮೇಲೆ ನನ್ನ ಕಡೆ ತಿರುಗಿದ. “ಅಷ್ಟ ಶಾಣ್ಯಾ ಮನಶಾಗ ಏನಾತ ಯವ್ವಾ ಇದು? ನಿನಗೇನರ ಗೊತ್ತೈತೇನು?”

“ಇಲ್ಲಪಾ.”

ಅಪ್ಪನಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಸರ್ ಪ್ರತಿ ಸಂಜೆ ಆ ಕಂಬಳಿಯನ್ನು ಸಮಾಧಿಗೆ ಹೊದಿಸಿ, ಬೆಳಿಗ್ಗೆ ಇಬ್ಬನಿಗೆ ತೊಯ್ದದ್ದನ್ನು ಬೇಲಿಗೆ ಒಣಹಾಕುತ್ತಾರಂತೆ — ಹತ್ತರಗಿ ಬಸ್ಸಿನಲ್ಲಿ ಜನ ಮಾತಾಡಿಕೊಳ್ಳುವುದು ನನ್ನ ಕಿವಿಗೂ ಬಿತ್ತು. ಆಮೇಲೆ ಕಣಗಲಾಕ್ಕೆ ಕೊಟ್ಟ ಅವರ ಮಗಳು ಸುಮಾಳ ಫೋನ್ ಬಂತು. ಅಳುತ್ತಿದ್ದಳು.

“ಅಕ್ಕಾ, ಅಪ್ಪಾ ಅವ್ವನ ಸಮಾಧಿ ತಗಸ್ತೀನಿ ಅನ್ನಾಕತ್ತಾರ. ಅಲ್ಲಿ ನೆರಳೈತಿ, ಬಿಸಲ ಬೀಳೂ ದಿಬ್ಬಕ್ಕ ಒಯ್ತೀನಿ ಅಂತಾರ. ಮಂದಿ ನಮ್ಮಪ್ಪಗ ಹುಚ್ಚ ಹಿಡದೈತಿ ಅಂತಾರ್ರಿ. ನಿಮ್ಮ ಮಾತ ಕೇಳತಾರ, ನೀವರ ಒಂದ ಮಾತ ಹೇಳ್ರಿ.”

“ನೋಡ್ತೀನಿ” ಅಂದೆ.

ನೋಡಿದ್ದೇನು? ಅದೇ ಮಧ್ಯಾಹ್ನ ಒರೆಸುವ ಸಾಲನ್ನು ವಾಪಸ್ ಹಾಕಿದೆ. ಬದಲಾವಣೆಯ ಕಾರಣ ಎಂಬಲ್ಲಿ ‘ಸಣ್ಣ ಸ್ವಚ್ಛತೆ’ ಎಂದು ಬರೆದೆ. ಮಾತು ನಿಂತರೆ ಸರ್ ತಾವಾಗಿ ಸುಮ್ಮನಾಗುತ್ತಾರೆ ಅಂದುಕೊಂಡೆ. ಹೇಳುವ ಧೈರ್ಯವಿಲ್ಲದೆ ಸತ್ತವಳ ಬಾಯಿ ಮುಚ್ಚಿದೆ.

ಹೊಸ ಕೋಡ್ ಅವರ ಪಾಕೀಟಿಗೆ ಇಳಿದ ಎರಡನೆಯ ದಿನ ಸರ್ ಫೋನ್ ಮಾಡಿದರು. ದನಿ ಸಣ್ಣಗಿತ್ತು.

“ಮಾಳವ್ವ, ನಿನ್ನೆಯಿಂದ ಆಕಿ ಮಾತಾಡವಲ್ಲಳು. ಎಷ್ಟ ಗಿಡ್ಡ ಬರದ್ರೂ ಏನೂ ಅನ್ನವಲ್ಲಳು. ನಾ ತಡಾ ಮಾಡಿದೆ ನೋಡು. ಸಿಟ್ಟಾಗ್ಯಾಳ.”

ಆಗಲೂ — ಆಗಲಾದರೂ —

ಮಾಘ ಮಾಸದ ಒಂದು ಮಧ್ಯಾಹ್ನ ಸಮಾಧಿ ತೆಗೆಸಿದರು. ಸರ್ ಅಣ್ಣತಮ್ಮಂದಿರು ಬರಲಿಲ್ಲ. ವಿಧಿ ಮಾಡಿಸುವ ಅಯ್ಯನವರು ಬರುವುದಿಲ್ಲ ಅಂದರು. ಸುಮಾ ಹೊಲದ ಬದುವಿನವರೆಗೆ ಬಂದು, “ಅಪ್ಪಾ, ಇದನ್ನ ಮಾಡಿದ್ರ ನಾ ಇನ್ನ ಈ ಹೊಲಕ್ಕ ಕಾಲಿಡಂಗಿಲ್ಲ” ಅಂದಳು. ಸರ್ ಕೇಳಿಸಿಕೊಂಡಂತೆ ಕಾಣಲಿಲ್ಲ. ಆಕೆ ತಿರುಗಿ ನಡೆದಳು. ಅಗೆಯುವವರು ಇಬ್ಬರು, ನಮ್ಮಪ್ಪ, ಸರ್, ನಾನು. ಅಷ್ಟೇ ಜನ.

ಬಿಸಿಲು ಸುಡುತ್ತಿತ್ತು, ಹುಣಸೆಯ ನೆರಳಿನಲ್ಲಿ ಮಾತ್ರ ಮಣ್ಣು ತಣ್ಣಗಿತ್ತು. ಸನಿಕೆಯ ಸದ್ದು. ಒದ್ದೆ ಮಣ್ಣಿನ ವಾಸನೆ, ಅದರೊಳಗಿಂದ ವಿಭೂತಿಯ ವಾಸನೆ. ನಾನು ಒಳಗೆ ನೋಡಲಿಲ್ಲ. ಸರ್ ನೋಡಿದರು. ಗುಂಡಿಯ ಅಂಚಿಗೆ ಮೊಣಕಾಲೂರಿ, ಅಡುಗೆಮನೆಗೆ ಕೇಳಲಿ ಅನ್ನುವಷ್ಟೇ ದನಿಯಲ್ಲಿ ಮಾತಾಡಿದರು.

“ಆತ ಏಳು. ಬಿಸಲಾಗ ಹೋಗೂಣು.”

ಕರಿ ಕಂಬಳಿಯಲ್ಲಿ ಸುತ್ತಿ ಎತ್ತಿದರು. ಮೂರು ಮೂಲೆಗೆ ಮೂವರಾದರು. ಸರ್ ಮುಂದೆ ದಾರಿ ತೋರಿಸುತ್ತ ನಡೆದಿದ್ದರು. ನಾಲ್ಕನೆಯ ಮೂಲೆಗೆ ಯಾರೂ ಇರಲಿಲ್ಲ. ಅಪ್ಪ ನನ್ನ ಕಡೆ ನೋಡಿದ. ಹಿಡಿದೆ. ಭಾರ ಎಷ್ಟಿತ್ತು ಎಂದು ಬರೆಯುವುದಿಲ್ಲ. ದಿಬ್ಬದವರೆಗಿನ ದಾರಿಯುದ್ದಕ್ಕೂ ನನ್ನ ಕೈಯಲ್ಲಿ ಇದ್ದದ್ದು ಏನು ಎಂದು ನನಗೆ ಗೊತ್ತಿತ್ತು, ಯಾಕೆ ಇದೆ ಎಂದು ಗೊತ್ತಿತ್ತು, ಆ ಐವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆವತ್ತಿನಿಂದ ಇವತ್ತಿನವರೆಗೆ ಸರ್ ಮತ್ತು ಸುಮಾ ನಡುವೆ ಮಾತಿಲ್ಲ. ಸುಮಾಳ ಮಗಳಿಗೆ ಅಜ್ಜನ ಮುಖ ಗೊತ್ತಿಲ್ಲ. ಹುಕ್ಕೇರಿಯಲ್ಲಿ ಸರ್‌ನ ಕಂಡವರು ದಾರಿ ಬದಲಿಸುತ್ತಾರೆ. ಸರ್ ಕೋಡ್ ಮುಟ್ಟುವುದನ್ನು ಬಿಟ್ಟರು. ದಿನಚರಿ ಮಾತ್ರ ಬಿಟ್ಟಿಲ್ಲ. ಚೀಟಿಯಲ್ಲಿ ಒಂದೊಂದೇ ಶಬ್ದ ಬರೆಯುತ್ತಾರಂತೆ. ಪಕ್ಕದಲ್ಲಿ ಜಾಗ ಬಿಟ್ಟು ಕಾಯುತ್ತಾರಂತೆ.

ಈ ವಾರ ನಾನು ಮೂರು ಕೆಲಸ ಮಾಡಿದೆ. ಕೋಡಿನ ದಾಖಲೆಯಲ್ಲಿ, ಎಲ್ಲರೂ ಓದುವ ಜಾಗದಲ್ಲಿ, ನನ್ನ ಹೆಸರಿನ ಕೆಳಗೆ ಬರೆದೆ: ಅಂದು ಯಾರಿಗೂ ಓದಿ ಹೇಳಿರಲಿಲ್ಲ, ದೋಷ ನನ್ನದು, ‘ಸಣ್ಣ ಸ್ವಚ್ಛತೆ’ ಎಂದದ್ದೂ ಸುಳ್ಳು. ನನ್ನ ಕೈಯಿಂದ ಆ ಭಾಗವನ್ನು ವಾಪಸ್ ತೆಗೆದುಕೊಂಡಿದ್ದಾರೆ. ತೆಗೆದುಕೊಳ್ಳಬೇಕಾದದ್ದೇ. ಅಪ್ಪನಿಗೂ ಹೇಳಿದೆ. ಅವನು ಮಗ್ಗದಿಂದ ಕೈ ತೆಗೆದ, ಇನ್ನೂ ನನ್ನೊಡನೆ ಮಾತಾಡಿಲ್ಲ.

ಇನ್ನೊಂದು — ಗಂಗಕ್ಕನ ಚೀಟಿಯನ್ನು ಕಾಗದದ ಮೇಲೆ ಇಳಿಸಿಕೊಂಡು ಕಣಗಲಾಕ್ಕೆ ಹೋದೆ. ಸುಮಾ ಅದನ್ನು ಓದಿದಳು, ಮತ್ತೆ ಓದಿದಳು. ನಾನು ಎಲ್ಲ ಹೇಳಿ ಮುಗಿಸಿದೆ. ಆಕೆ ಬೈಯಲಿಲ್ಲ. ಕಾಗದ ಮಡಚುತ್ತ ಅಂದಳು:

“ಅಂದ್ರ ಅಪ್ಪಗ ಹುಚ್ಚ ಹಿಡದಿರಲಿಲ್ಲ.”

“ಇಲ್ಲ.”

“ಮೂರ ವರ್ಷ ನಾ ಅವರನ್ನ ಹುಚ್ಚ ಅಂದೆ.”

ಸರ್ ಈಗ, ಹೆಂಡತಿ ಬಿಸಿಲಿಗೆ ಬಂದಳು ಎಂಬ ಒಂದು ಸಮಾಧಾನದ ಮೇಲೆ ಬದುಕಿದ್ದಾರೆ. ನಾನು ಹೇಳಿದರೆ ಅದೂ ಹೋಗುತ್ತದೆ — ನೆಮ್ಮದಿಯಾಗಿ ಮಲಗಿದ್ದವಳನ್ನು ಸುಮ್ಮನೆ ಎಬ್ಬಿಸಿದೆ ಎಂಬುದು ಉಳಿಯುತ್ತದೆ. ಹೇಳದಿದ್ದರೆ ಅವರ ಮಗಳು ಅವರಿಗಿಲ್ಲ. ಇಷ್ಟು ದಿನ ಅವರ ಸಮಾಧಾನದ ನೆಪ ಹೇಳಿಕೊಂಡು ನನ್ನನ್ನು ಕಾಯ್ದುಕೊಂಡಿದ್ದೇನೆ. ಸಾಕು.

“ನೀನ ಹೇಳಬೇಕು ಅಪ್ಪಗ” ಅಂದಳು ಸುಮಾ. ಮೊದಲ ಸಲ ನನ್ನನ್ನು ಅಕ್ಕಾ ಅನ್ನಲಿಲ್ಲ. “ನಾ ಬಂದು ಬಾಜೂಕ ಕುಂದ್ರತೀನಿ. ನಿನ್ನ ಬಾಜೂಕಲ್ಲ. ಅಪ್ಪನ ಬಾಜೂಕ.”

ನಾಳೆ ಹುಕ್ಕೇರಿಗೆ ಹೋಗುತ್ತಿದ್ದೇವೆ. ಬಸ್ಸು ಒಂದೇ, ಆಕೆ ಮುಂದಿನ ಸೀಟಿನಲ್ಲಿ, ನಾನು ಹಿಂದೆ.